ಕೆಂಪಾಗದ ಭಂಡಾರ

ಬೆಳಗಿನ ಐದೂವರೆ. ಮಹಾರಾಷ್ಟ್ರದ ಉಮರ್ಗಾ ತಾಲೂಕಿನ ದಾಳಿಂಬ ಊರಿನಾಚೆ, ತೊಗರಿ ಹೊಲಗಳ ನಡುವಿನ ರಾಸಾಯನಿಕ ಕಾರ್ಖಾನೆಯಲ್ಲಿ ರೇವಣಪ್ಪ ರಾತ್ರಿ ಪಾಳಿಯ ಕೊನೆಯ ಸಲ ಕಬ್ಬಿಣದ ಏಣಿ ಹತ್ತುತ್ತಿದ್ದಾರೆ. ಕೈಗೆ ರಬ್ಬರ್ ಗವಸು, ಕಿಸೆಯಲ್ಲಿ ಬೀರಪ್ಪನ ಭಂಡಾರದ, ಅಂದರೆ ದೇವರ ಅರಿಶಿನದ, ಪೊಟ್ಟಣ. ತಟ್ಟೆಯ ಮೇಲೆ ಚಿಟಿಕೆ ಅರಿಶಿನ ಉದುರಿಸಿ, ತೊಟ್ಟಿಯ ನೀರಿನ ಒಂದು ಹನಿ ಬಿಡುತ್ತಾರೆ. ಹಳದಿ ಕೆಂಪಾಗುತ್ತದೆ. ಕೂಡಲೇ ಹೆಂಡತಿಗೆ ಫೋನ್. ಹೇಳುವುದು ಒಂದೇ ಮಾತು: "ಕೆಂಪ ಆಗ್ಯಾದ."

ಐವತ್ತೆರಡರ ರೇವಣಪ್ಪ ಸ್ಕ್ರಬರ್ ಆಪರೇಟರ್. ಆಮ್ಲದ ಹೊಗೆ ಚಿಮಣಿ ಸೇರುವ ಮೊದಲು ಗೋಪುರದೊಳಗೆ ಕಾಸ್ಟಿಕ್ ಎಂಬ ಕ್ಷಾರ ಬೆರೆಸಿದ ತೊಟ್ಟಿಯ ನೀರಿನ ಮಳೆಯಲ್ಲಿ ತೊಳೆದುಹೋಗಬೇಕು. ಕಾಸ್ಟಿಕ್ ಕಡಿಮೆಯಾದರೆ ಹೊಗೆ ಹಾಗೇ ಊರಿನ ಮೇಲೆ. ಪಾಳಿಗೆ ಹದಿನಾರು ಸಲ ಏಣಿ, ಸಲಕ್ಕೆ ನಲವತ್ತೆರಡು ಮೆಟ್ಟಿಲು. ಮೊಣಕಾಲು ಯಾವಾಗಲೋ ತಕರಾರು ಶುರುಮಾಡಿದೆ.

ಕುರಿ ಸಾಕುವ ಮನೆತನ, ಬೀರಪ್ಪ ಮನೆದೇವರು. ಮೊದಮೊದಲು ಭಂಡಾರ ಪರೀಕ್ಷೆಯಾಗಿರಲಿಲ್ಲ, ಪೂಜೆಯಾಗಿತ್ತು. ಪಾಳಿ ಹಿಡಿಯುವಾಗ ತೊಟ್ಟಿಯ ಒದ್ದೆ ಅಂಚಿಗೆ ಚಿಟಿಕೆ ಹಾಕುತ್ತಿದ್ದರು. ಕೆಂಪಾದರೆ ದೇವರು ಒಪ್ಪಿದ ಎಂಬ ನಂಬಿಕೆ. ಆರು ವರ್ಷದ ಹಿಂದೆ, ತಂದೆ ತೀರಿಕೊಂಡ ಐದನೇ ದಿನ, ಅದು ಹಳದಿಯಾಗಿಯೇ ಉಳಿಯಿತು.

"ಸೂತಕದಾಗ ಭಂಡಾರ ಮುಟ್ಟೀನಿ, ದೇವರು ಸಿಟ್ಟಾಗ್ಯಾನ ಅನಕೊಂಡೆರೀ. ಕಾಸ್ಟಿಕ್ ಮುಗದದ ಅಂತ ತಲಿಗೇ ಬರಲಿಲ್ಲ. ಮೀಟರ್ ಬರೋಬರ್ ಅದ ಅಂತ ತೋರಸತಿತ್ತು, ಅದೂ ಕೆಟ್ಟಿತ್ತು. ನಾ ಯಾರಿಗೂ ಹೇಳಲಿಲ್ಲ. ಚೂಕ ನಂದೇ."

ಗಾಳಿ ಬೀಸುವ ದಿಕ್ಕಿನಲ್ಲಿ, ಅರ್ಧ ಮೈಲಿ ದೂರದ ಹೊಲದಲ್ಲಿ ಹೆಂಡತಿ ಮಲಕಮ್ಮ ಕುರಿ ಹಿಂಡನ್ನು ರಾತ್ರಿಗೆ ತರುಬಿ ಮಲಗಿದ್ದರು. ಬೆಳಗಾಗುವುದರೊಳಗೆ ಒಂಬತ್ತು ಮರಿ ಸತ್ತಿದ್ದವು. ಹಿಂಡು ಬಿಟ್ಟು ಓಡಲಾರದೆ ಹೊಗೆಯಲ್ಲೇ ನಿಂತ ಮಲಕಮ್ಮನ ಎದೆ ಅಂದಿನಿಂದ ಸುಧಾರಿಸಿಲ್ಲ. ನಾನು ಮಾತಾಡಿಸಿದ ಅರ್ಧ ತಾಸಿನಲ್ಲಿ ನಾಲ್ಕು ಸಲ ಕೆಮ್ಮಿ ಕುಸಿದು ಕೂತರು.

ಅರಿಶಿನ ಕೆಂಪಾಗುವುದು ಕಾಸ್ಟಿಕ್‌ನಿಂದ ಎಂದು ಲ್ಯಾಬಿನ ಸ್ವಪ್ನಾಲಿ ಆಮೇಲೆ ತಿಳಿಸಿದರು. "ಆಕಿ ಹೇಳಿದ ದಿನ ಏಣಿ ಮ್ಯಾಲೇ ಕುಂತು ಅತ್ತೆರೀ," ಎನ್ನುತ್ತಾರೆ ರೇವಣಪ್ಪ.

ಈಗ ಕಾಸ್ಟಿಕ್ ಅಳೆಯುವ ಹೊಸ ಮೀಟರ್ ಇದೆ. ಇವರು ಮೀಟರ್, ಭಂಡಾರ ಎರಡನ್ನೂ ನೋಡುತ್ತಾರೆ. ಕಳೆದ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಮೀಟರ್ ಸರಿ ಎಂದಿತು, ಭಂಡಾರ ಹಳದಿಯಾಗಿಯೇ ಉಳಿಯಿತು. ರೇವಣಪ್ಪ ಯಾರನ್ನೂ ಕೇಳದೆ ಹೊಗೆ ಹುಟ್ಟುವ ರಿಯಾಕ್ಟರ್ ನಿಲ್ಲಿಸಿದರು. ಅರಿಶಿನ ನಂಬಿ ಪ್ಲಾಂಟ್ ನಿಲ್ಲಿಸುತ್ತೀಯಾ ಎಂದು ಮ್ಯಾನೇಜರ್ ಗೇಟಿನ ಹೊರಗೆ ಹಾಕಿದರು. ಮೀಟರಿಗೆ ಉಪ್ಪು ಕಟ್ಟಿದೆ, ಕಾಸ್ಟಿಕ್ ಮುಗಿದಿದೆ ಎಂದು ಮಧ್ಯಾಹ್ನ ಸ್ವಪ್ನಾಲಿ ಹೇಳಿದ ಮೇಲೆ ಜೀಪು ಕಳಿಸಿ ಕರೆಸಿಕೊಂಡರು. ಕ್ಷಮೆ ಯಾರೂ ಕೇಳಲಿಲ್ಲ, ಇವರೂ ಅದಕ್ಕೆ ಕಾದು ಕೂರಲಿಲ್ಲ.

"ಉಳಿದ ಎರಡು ಪಾಳಿಯವರೂ ದಿನಾ ಇಷ್ಟು ನೋಡಲಿ. ಬಸ್, ಮತ್ತೇನೂ ಬ್ಯಾಡ," ಎನ್ನುತ್ತಾರೆ ರೇವಣಪ್ಪ.

ಅದೇ ಹೊಲದಲ್ಲಿ ಇನ್ನೂ ಕುರಿ ತರುಬುತ್ತೀರಲ್ಲ, ಭಯವಾಗುವುದಿಲ್ಲವೇ ಎಂದು ಮಲಕಮ್ಮನನ್ನು ಕೇಳುತ್ತೇನೆ. ಕೆಮ್ಮು ನಿಲ್ಲುವವರೆಗೆ ಕೈ ಎತ್ತಿ ನನ್ನನ್ನು ತಡೆಯುತ್ತಾರೆ.

"ಬ್ಯಾರೆಯವರ ಪಾಳಿ ಇದ್ದಾಗ ಹೊಗಿ ಬರದ ಆಚಿ ದಂಡಿಗೆ ಹೋಗತೀನ್ರೀ. ಇವರು ಮ್ಯಾಲ ಇದ್ದರ ಇಲ್ಲೇ. ನನಗ ನಿದ್ದಿ ಬರತದ."