ಒಮಾನಿನ ಬೆಟ್ಟಗಳು ಬೆಂಗೇರಿಯಲ್ಲಿ

ಹುಬ್ಬಳ್ಳಿಯ ಗಲ್ಲಿಗಳಲ್ಲಿ ಇವತ್ತಿಗೂ ದಾರಿ ತಪ್ಪುವ ನಾನು, ಎಂದೂ ಕಾಣದ ನಾಡುಗಳ ನಕಾಶೆಗಳನ್ನು ಕೂಡಿಡುತ್ತೇನೆ. ಭೂಗೋಳ ಕಲಿಸಿ ನಿವೃತ್ತನಾದವನು ಎಂದರೆ ಜನ ನಗುತ್ತಾರೆ, ಅದಕ್ಕೇ ಹೇಳುವುದಿಲ್ಲ.

ಈಚೆಗೆ ರದ್ದಿ ಅಂಗಡಿಯಲ್ಲಿ ಸಿಕ್ಕಿದ್ದು ಒಮಾನ್ ದೇಶದ ಮರುಭೂಮಿ ಬೆಟ್ಟಗಳ ಹಳೆಯ ನಕಾಶೆ. ಬಟ್ಟೆಗೆ ಅಂಟಿಸಿದ್ದು, ಮಡಿಕೆಗಳಲ್ಲಿ ಸವೆದದ್ದು. ಎತ್ತರ ತೋರಿಸುವ ಕಂದು ಗೆರೆಗಳು ಕೆರೆಯ ಅಲೆಗಳಂತೆ ಒಂದರೊಳಗೊಂದು ಸುತ್ತಿ, ಒಮ್ಮೆಲೇ ನಿಂತುಬಿಡುತ್ತವೆ. ಆಮೇಲೆ ಬರೀ ಬಿಳಿ. ಅಳೆಯಲು ಹೋದವರು ಅಲ್ಲಿಂದಲೇ ತಿರುಗಿ ಬಂದಿರಬೇಕು. ಗೊತ್ತಿಲ್ಲದ್ದನ್ನು ಖಾಲಿ ಬಿಟ್ಟ ಅವರ ಮೇಲೆ ನನಗೆ ಗೌರವ; ತರಗತಿಯಲ್ಲಿ ನಾನು ಹಾಗೆ ಬಿಟ್ಟವನಲ್ಲ. ಮಧ್ಯಾಹ್ನ ಊಟವಾದ ಮೇಲೆ ಆ ಬಿಳುಪನ್ನು ನೋಡುತ್ತ ಕೂತರೆ ಫ್ಯಾನಿನ ಸದ್ದು ಮರಳ ಗಾಳಿಯಾಗಿ, ಕಣ್ಣು ತಾನಾಗಿ ಮುಚ್ಚುತ್ತದೆ.

ಬೆಂಗೇರಿಯ ನಮ್ಮ ಎದುರುಮನೆಯ ದಸ್ತಗೀರ್ ಚಾಚಾ ಒಮಾನಿನಲ್ಲಿ ಹದಿನಾಲ್ಕು ವರ್ಷ ನೀರಿನ ಟ್ಯಾಂಕರ್ ಓಡಿಸಿದವರು. ಖುಷಿಪಟ್ಟಾರು ಎಂದು ನಕಾಶೆ ಒಯ್ದು ಅವರ ದಿವಾನದ ಮೇಲೆ ಹರಡಿದೆ. ಚಾಚಾ ಕನ್ನಡಕ ಏರಿಸಿ, ನೀರಿಲ್ಲದ ಹಳ್ಳವೊಂದರ ಗುಂಟ ಬೆರಳು ಓಡಿಸಿ, ಬಿಳಿಯ ಅಂಚಿನಲ್ಲಿದ್ದ ಸಣ್ಣ ನೀಲಿ ಚುಕ್ಕೆಯ ಮೇಲೆ ನಿಲ್ಲಿಸಿದರು.

"ಮಾಸ್ತರ, ಇಲ್ಲೊಂದು ಬಾವಿ ಐತಿ ನೋಡ್ರಿ. ದಾರಿ ತಪ್ಪಿ, ಗಾಡಿ ಮರಳಾಗ ಹುಗದು, ಎರಡು ದಿನ ಇಲ್ಲೇ ಬಿದ್ದಿದ್ದೆ. ಟ್ಯಾಂಕರ್ ಖಾಲಿ ಇತ್ತು, ಬಾವಿಯಾಗಿಂದ ಸೇದಾಕ ಹಗ್ಗಾನೂ ಇರಲಿಲ್ಲ. ಆಡು ಕಾಯೋ ಮುದುಕಿ ಒಬ್ಬಾಕಿ ನೀರು ಸೇದಿ ಕುಡಿಸಿ ಉಳಿಸಿದ್ಲು."

ಚಹಾ ಹಿಡಿದು ಬಂದ ಅವರ ಹೆಂಡತಿ ಖೈರುನ್ ಚಾಚಿ ಬಾಗಿಲಲ್ಲೇ ನಿಂತರು.

"ಯಾವಾಗಿಂದು ಇದು? ಒಮ್ಮೀನೂ ಹೇಳಿಲ್ಲಲ್ರಿ!"

"ಮಗಳು ಹುಟ್ಟಿದ ವರ್ಷದ್ದು," ಎಂದರು ಚಾಚಾ, ತಲೆಯೆತ್ತದೆ.

"ಆ ವರ್ಷ ಎಲ್ಲಾ ಕಾಗದದಾಗೂ ಆರಾಮ ಅದೇನಿ ಅಂತ ಬರದಿದ್ರಿ."

"ಬಾಣಂತಿಗೆ ಮತ್ತೇನ ಬರೀಬೇಕಿತ್ತು?"

ನಕಾಶೆ ಮಡಚಿಕೊಂಡು ಎದ್ದುಹೋಗಲೇ ಎಂದುಕೊಂಡೆ. ಚಾಚಿ ಚಹಾ ಕೆಳಗಿಟ್ಟು, ಗಂಡನ ಬೆರಳು ಸರಿಸಿ, ಆ ಚುಕ್ಕೆಯ ಮೇಲೆ ತಮ್ಮ ಬೆರಳಿಟ್ಟರು. ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ನನ್ನನ್ನು ಕೇಳಿದರು: "ಇಲ್ಲಿಂದ ಬೆಂಗೇರಿ ಎಷ್ಟು ದೂರ ಆಗ್ತೈತ್ರಿ, ಮಾಸ್ತರ?"

ದೂರ ಅಳೆಯುವ ಪಟ್ಟಿಯೇನೋ ನಕಾಶೆಯ ಮೂಲೆಯಲ್ಲಿತ್ತು. ಆದರೆ ಸಮುದ್ರ ಬರುವ ಮೊದಲೇ ಹಾಳೆ ಮುಗಿದಿತ್ತು. ನಾನು ತಡವರಿಸುವುದರೊಳಗೆ ಚಾಚಾ ಮೆಲ್ಲಗೆ ಹೇಳಿದರು: "ಆವಾಗ ಭಾಳ ದೂರ ಇತ್ತು."

ನಕಾಶೆಯನ್ನು ದಿವಾನದ ಮೇಲೇ ಬಿಟ್ಟು ಎದ್ದೆ. ಹದಿನಾಲ್ಕು ವರ್ಷಗಳ ಆರಾಮದ ಕಾಗದಗಳಿದ್ದವು. ಚಾಚಿ ಕೇಳುವುದು ಇನ್ನೂ ಬಹಳವಿತ್ತು.