ಮಾತು ಉಳಿಸಿಕೊಂಡವರ ಬಾವಿ

ಕವಲಂದೆ ಹತ್ತಿರದ ನಮ್ಮೂರಲ್ಲಿ ಬಾವಿಗಳ ಸೆಲೆ ಬತ್ತತೊಡಗಿದಾಗ, ಇನ್ನು ಯಾರೂ ಹೊಸ ಬೋರು ಕೊರೆಸಬಾರದೆಂದು ಊರವರೆಲ್ಲ ಸೇರಿ ತೀರ್ಮಾನಿಸಿದರು. ಅಪ್ಪ ಆ ಮಾತಿಗೆ ಕಟ್ಟುಬಿದ್ದು, ಬಾಳೆ ಬಿಟ್ಟು ರಾಗಿ ಬಿತ್ತಿದರು. ಮರುಬೇಸಿಗೆಗೆ ಪಕ್ಕದ ಹೊಲದವರು, ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಒಪ್ಪಿದ್ದವರು, ನಮ್ಮ ಬದುವಿಗೆ ಅಂಟಿಕೊಂಡೇ ಬೋರು ಕೊರೆಸಿದರು. ಅಪ್ಪ ಹೋಗಿ ಕೇಳಿದರು.

“ಬಾಳೆ ಒಣಗ್ತಾ ಅದೆ ಕಣಣ್ಣ, ಏನ್ ಮಾಡ್ಲಿ?” ಅಂದರು ಅವರು.

ಪಂಚಾಯಿತಿಯವರು ಬಂದು ನೋಡಿ, ಅವರ ಮನೆಯಲ್ಲೇ ಕಾಫಿ ಕುಡಿದು ಹೋದರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಕೊರೆಸಿದರು. ನಮ್ಮ ಬಾವಿಯ ತಳ ಕಂಡಿತು. ಈಗ ಅವ್ವ ಕುಡಿಯುವ ನೀರಿಗೂ ಬಿಂದಿಗೆ ಹಿಡಿದು ಪಕ್ಕದ ಹೊಲದ ಆ ಬೋರಿಗೇ ಹೋಗಬೇಕು.

“ನಿಮ್ದೇ ಅನ್ಕಂಡು ನೀರ್ ಇಡ್ಕಳಕ್ಕ,” ಅನ್ನುತ್ತಾರೆ ಅವರು, ಧಾರಾಳವಾಗಿ.

ಆ ನೀರು ಕುಡಿಯುವಾಗ ಅಪ್ಪ ಯಾರ ಮುಖವನ್ನೂ ನೋಡುವುದಿಲ್ಲ.