ಆನೆಗೆ ಬಿಟ್ಟ ಜಾಗ

ಕಾಡಿನ ಜನಕ್ಕೆ ಅವರ ನೆಲವನ್ನು ವಾಪಸು ಕೊಡಿಸುವುದು ನನ್ನ ಉದ್ಯೋಗ. ಕೇಳಿದವರು ಮೊದಲು ತಲೆದೂಗುತ್ತಾರೆ, ಆಮೇಲೆ ಯಾವ ಊರು ಎಂದು ವಿಚಾರಿಸುತ್ತಾರೆ. ಮುಳ್ಳೂರು ಎಂದರೆ ನಗುತ್ತಾರೆ. ನಗಲಿ. ಕೊಳ್ಳೇಗಾಲ ಸೀಮೆಯಲ್ಲಿ ನಮ್ಮಂಥ ಜಮೀನುದಾರರ ಮನೆಯ ಹುಡುಗ ಇನ್ನೊಬ್ಬರಿಗೆ ನೆಲ ಕೊಡಿಸಲು ಹೊರಡುವುದೆಂದರೆ, ಬೆಕ್ಕು ಹಾಲಿನ ಡೇರಿಗೆ ಕಾರ್ಯದರ್ಶಿಯಾದಂತೆ.

ನಮ್ಮ ಅಪ್ಪ ಮುಂಗಾರಿನ ಮೊದಲ ಉಳುಮೆಯಲ್ಲಿ ಪಕ್ಕದ ಹೊಲದ ಬದುವನ್ನು ಒಂದು ಗೇಣು ಕೆರೆದುಕೊಳ್ಳುತ್ತಾರೆ. ಪಕ್ಕದವರು ಹಿಂಗಾರಿನಲ್ಲಿ ಅದೇ ಗೇಣನ್ನು ವಾಪಸು ಕೆರೆದುಕೊಳ್ಳುತ್ತಾರೆ. ಇಷ್ಟು ವರ್ಷ ಕಳೆದರೂ ಬದು ಇದ್ದಲ್ಲೇ ಇದೆ. ಎರಡು ಮನೆಗಳ ನಡುವೆ ಮಾತು ಮಾತ್ರ ನಿಂತುಹೋಗಿದೆ.

ನಾನು ಕೆಲಸ ಮಾಡುವುದು ಒಂದು ಸಂರಕ್ಷಣಾ ಸಂಸ್ಥೆಯಲ್ಲಿ. ಕೊಳ್ಳೇಗಾಲದಲ್ಲಿ ಎರಡು ಕೋಣೆಯ ಕಚೇರಿ, ಬೆಂಗಳೂರಿನಲ್ಲಿ ಗಾಜಿನ ಕಚೇರಿ. ಗಾಜಿನ ಕಚೇರಿಯ ಗೋಡೆಯ ಮೇಲೆ ಜೇನು ಕೀಳುತ್ತಿರುವ ಸೋಲಿಗರೊಬ್ಬರ ಆಳೆತ್ತರದ ಫೋಟೊ ಇದೆ. ಫೋಟೊದಲ್ಲಿರುವವರು ಆ ಕಟ್ಟಡದ ಮೆಟ್ಟಿಲು ಹತ್ತಿದವರಲ್ಲ. ಯೋಜನೆಗೆ ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳಲಾಗದ ಹೆಸರು. ಅದರ ವ್ಯವಸ್ಥಾಪಕ ನಾನು. ನನ್ನ ಕೈಕೆಳಗೆ ಒಂದು ಜೀಪು, ಒಂದು ಲ್ಯಾಪ್‌ಟಾಪು, ಒಂದು ಜಿಪಿಎಸ್ ಯಂತ್ರ.

ಕಾಡಿನಲ್ಲಿ ತಲೆಮಾರುಗಳಿಂದ ಬದುಕಿದವರು ಅರ್ಜಿ ಹಾಕಿದರೆ ಸರ್ಕಾರ ಹಕ್ಕುಪತ್ರ ಕೊಡಬೇಕೆಂಬ ಕಾನೂನಿದೆ. ಅರ್ಜಿಗೆ ನಕ್ಷೆ ಬೇಕು, ನಕ್ಷೆಗೆ ಯಾರಾದರೂ ಜಿಪಿಎಸ್ ಹಿಡಿದು ಗಡಿಯುದ್ದಕ್ಕೂ ನಡೆಯಬೇಕು. ಹಾಗೆ ನಡೆಯಲು ನಾನು ಯಳಂದೂರಿನ ಮೇಲಿನ ಬೆಟ್ಟದ ಒಂದು ಪೋಡಿಗೆ ಹೋದೆ. ಪೋಡು ಎಂದರೆ ಸೋಲಿಗರ ಹಾಡಿ, ಅಲ್ಲಿ ಇಪ್ಪತ್ತೋ ಇಪ್ಪತ್ತೆರಡೋ ಮನೆ. ಮುಂದೆ ನಿಂತು ಗಡಿ ತೋರಿಸಿದ್ದು ಒಬ್ಬ ಅಜ್ಜಿ. ಓದು ಬರಹ ಇಲ್ಲ, ಆದರೆ ಪೋಡಿನಲ್ಲಿ ಅವರ ಮಾತೇ ಕೊನೆಯ ಮಾತು. ನನ್ನನ್ನು ಅವರು ಮೊದಲ ದಿನ ‘ಸಾ’ ಎಂದರು. ನಾನು ಹಳ್ಳದಲ್ಲಿ ಜಾರಿ ಬಿದ್ದ ಮೇಲೆ ‘ಮೊಗ’ ಎನ್ನತೊಡಗಿದರು.

ಆ ಅಜ್ಜಿಗೆ ಹಕ್ಕುಪತ್ರ ಎಷ್ಟು ಬೇಕಾಗಿತ್ತೆಂದರೆ, ಅದರ ವಿಷಯ ಬಂದಾಗಲೆಲ್ಲ ಅವರು ಎದ್ದು ನಿಲ್ಲುತ್ತಿದ್ದರು. ಅದರ ಹಿಂದಿನ ವರ್ಷ ಅವರ ಸೊಸೆ ಒಂದು ಚೀಲ ನೆಲ್ಲಿಕಾಯಿ ಹೊತ್ತು ಇಳಿಯುವಾಗ ಚೆಕ್‌ಪೋಸ್ಟಿನಲ್ಲಿ ಅರಣ್ಯ ಇಲಾಖೆಯವರು ತಡೆದು, ಬಿಸಿಲಲ್ಲಿ ಮಧ್ಯಾಹ್ನದವರೆಗೂ ಕೂರಿಸಿದ್ದರಂತೆ. ‘ಉಟ್ಟಿದ್ ಕಾಡಲ್ಲೇ ಕಳ್ರಾದೋ ಕಣ್ ಮೊಗ,’ ಎಂದು ಅಜ್ಜಿ ಹೇಳಿದ್ದರು. ಕಾಗದ ಒಂದಿದ್ದರೆ ಆ ಮಾತು ಸುಳ್ಳಾಗುತ್ತದೆ ಎಂದು ಅವರ ನಂಬಿಕೆ. ಆ ನಂಬಿಕೆಯನ್ನು ಊದಿ ಊದಿ ದೊಡ್ಡದು ಮಾಡಿದವನು ನಾನೇ.

ಮೂರು ದಿನ ನಡೆದೆವು. ಮೂರನೆಯ ದಿನ ಹುಲ್ಲು ಎದೆಮಟ್ಟ ಬೆಳೆದ ಒಂದು ಜೌಗಿನ ಅಂಚಿಗೆ ಬಂದಾಗ ಅಜ್ಜಿ ಸರಕ್ಕನೆ ಪಕ್ಕಕ್ಕೆ ತಿರುಗಿದರು.

‘ಅತ್ಲಾಗ್ ಬ್ಯಾಡ ಮೊಗ, ಇತ್ಲಾಗ್ ಬಾ.’

‘ಯಾಕಜ್ಜಿ, ಅದೂ ನಿಮ್ ಕಾಡೇ ಅಲ್ವಾ?’

‘ಅಲ್ಲ. ಅದು ಆನೇದು.’

ಜೌಗಿನ ನಡುವೆ ಆನೆಗಳು ಉಪ್ಪುಮಣ್ಣು ಕೆದರಿ ತಿನ್ನುವ ದಿಣ್ಣೆಯಿತ್ತು. ಪೋಡಿನವರು ಅಲ್ಲಿ ಗೆಣಸು ಅಗೆಯುವುದಿಲ್ಲ, ಸೌದೆ ಆಯುವುದಿಲ್ಲ, ಆ ಕಡೆ ಮುಖ ಮಾಡಿ ಜೋರಾಗಿ ಮಾತೂ ಆಡುವುದಿಲ್ಲ. ಸುತ್ತ ಒಂದು ಪ್ರದಕ್ಷಿಣೆ ಹಾಕಿಸಿ ಅಜ್ಜಿ ನನ್ನನ್ನು ಮುಂದಕ್ಕೆ ಕರೆದೊಯ್ದರು. ಕಚೇರಿಗೆ ಬಂದು ಯಂತ್ರವನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ, ಪರದೆಯ ಮೇಲೆ ಮೂಡಿದ್ದು ನಡುವೆ ತೂತಿರುವ ಉದ್ದಿನ ವಡೆ.

ಬೆಂಗಳೂರಿನಿಂದ ಫೋನು ಬಂತು. ನಕ್ಷೆ ‘ಪೂರ್ಣವಾಗಿಲ್ಲ’ವಂತೆ. ಕೊಳ್ಳೇಗಾಲದಲ್ಲಿ ನಮ್ಮ ಅರ್ಜಿಗಳನ್ನು ನೋಡುವ ಸಾಹೇಬರು ಕನ್ನಡಕ ಹಣೆಗೇರಿಸಿ, ‘ಏನ್ರೀ ಇದು, ಮಧ್ಯೆ ಬಿಟ್ಬಿಟ್ಟಿದ್ದೀರಿ? ಸರ್ವೆ ಮರೆತೋಯ್ತಾ?’ ಎಂದರು. ಅದು ಆನೆಯ ಪಾಲು ಎಂದು ವಿವರಿಸಿದೆ. ಆನೆ ಅರ್ಜಿದಾರನೋ ಅಲ್ಲವೋ ಎಂದು ಅವರು ಕೇಳಿದರು. ಅಲ್ಲ ಎಂದೆ. ಮತ್ತೆ ಯಾಕೆ ಬಂತು ನಡುವೆ ಎಂದರು. ನನ್ನ ಎಂ.ಎ. ಪದವಿಯ ಜೊತೆ ನಕ್ಷೆಯನ್ನೂ ಸುತ್ತಿಕೊಂಡು ಎದ್ದು ಬಂದೆ.

ಆ ಭಾನುವಾರ ನಕ್ಷೆಯನ್ನು ಮನೆಗೆ ತಂದಿದ್ದೆ. ಅಪ್ಪ ಕಾಫಿ ಲೋಟವನ್ನು ಅದರ ಮೇಲೇ ಇಟ್ಟು, ಬಗ್ಗಿ ನೋಡಿ, ಬೆರಳನ್ನು ನೇರವಾಗಿ ತೂತಿನ ಮೇಲೆ ಊರಿದರು.

‘ಇದ್ಯಾರ್ದ್ಲಾ? ಖಾಲಿ ಬಿದ್ದದಲ್ಲ.’

‘ಆನೆಗೆ ಬಿಟ್ಟಿದಾರಪ್ಪ.’

‘ಬುಟ್ಟವ್ರಾ?’ ಅಪ್ಪ ನಿಜವಾಗಿಯೂ ಕನಿಕರಪಟ್ಟರು. ‘ಪಾಪ. ಏನೂ ಗೊತ್ತಾಗಾಕಿಲ್ಲ ಕಣ್ಲಾ ಆ ಜನಕ್ಕೆ.’

ನನಗೂ ಹಾಗೇ ಅನ್ನಿಸಿತು. ಅಪ್ಪನ ಮಗನೇ ತಾನೆ. ಸೋಮವಾರ ಬೆಳಿಗ್ಗೆ ಮೌಸ್ ಒತ್ತಿ ತೂತನ್ನು ಮುಚ್ಚಿದೆ. ನೋಡಲು ಚೆಂದವಾಯಿತು. ಜನರ ಹಕ್ಕನ್ನು ಹೆಚ್ಚಿಸುತ್ತಿದ್ದೇನೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಪೋಡಿನ ಜಗಲಿಯಲ್ಲಿ ಗ್ರಾಮಸಭೆ ಕೂತಾಗ ಎಲ್ಲರೂ ಅಜ್ಜಿಯ ಹೆಬ್ಬೆಟ್ಟಿಗೆ ಕಾದಿದ್ದರು. ಅಜ್ಜಿ ನಕ್ಷೆಯನ್ನು ಹರವಿಸಿಕೊಂಡರು. ಅಕ್ಷರ ಬಾರದ ಅವರಿಗೆ ಹಳ್ಳದ ನೀಲಿ ಗೆರೆ ಗೊತ್ತಾಯಿತು. ಅದರ ಮೇಲೆ ಬೆರಳಾಡಿಸುತ್ತಾ ಮೆಲ್ಲಗೆ ಸಾಗಿ, ಜೌಗು ಇರಬೇಕಾದ ಕಡೆ ನಿಂತರು.

‘ಇಲ್ಲಿ ಆನೇದ್ ಎಲ್ಲೋಯ್ತು?’

‘ಅದನ್ನೂ ನಿಮಗೇ ಸೇರಿಸಿದ್ದೀನಿ ಅಜ್ಜಿ. ಕೇಳೋದ್ರಲ್ಲಿ ಏನು ತಪ್ಪು? ಸಿಕ್ಕರೆ ಸಿಗಲಿ.’

‘ನಾಳೀಕೆ ನಮ್ ಮೊಮ್ಮಕ್ಳು ಕಾಗ್ದ ಇಡ್ಕಂಡು ಅಲ್ಲಿ ರಾಗಿ ಬಿತ್ತವೆ. ಆನೆ ಯಾವ ಕಚೇರಿಗ್ ಓಗದು?’

ಸಾಹೇಬರು ತೂತು ಒಪ್ಪುವುದಿಲ್ಲ, ಅರ್ಜಿ ವಜಾ ಆಗಬಹುದು, ಹಕ್ಕುಪತ್ರವೇ ತಪ್ಪಿಹೋಗಬಹುದು ಎಂದು ಹೆದರಿಸಿದೆ. ಸೊಸೆ ಅಲ್ಲೇ ಕೂತಿದ್ದಳು. ಅಜ್ಜಿ ಒಮ್ಮೆ ಅವಳ ಕಡೆ ನೋಡಿದರು. ಆಮೇಲೆ ಶಾಯಿ ಹಚ್ಚಿದ್ದ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿಕೊಂಡು, ‘ತಪ್ಪೋದ್ರೆ ತಪ್ಪೋಗ್ಲಿ. ನಮ್ದಲ್ದುದ್ನ ನಮ್ದು ಅನ್ನಾಕಿಲ್ಲ,’ ಎಂದರು. ಸೊಸೆ ತಲೆ ತಗ್ಗಿಸಿಕೊಂಡು ಎದ್ದು ಒಳಗೆ ಹೋದಳು. ನನಗೆ ಸಿಟ್ಟು ಬಂತು. ಇಷ್ಟು ಒಳ್ಳೆಯವರಾಗಿದ್ದರೆ ಇವರಿಗೆ ನಾನು ಹೇಗೆ ಸಹಾಯ ಮಾಡಲಿ ಎಂದು ಜೀಪಿನಲ್ಲಿ ಒಬ್ಬನೇ ಬೈದುಕೊಂಡೆ.

ಕೊನೆಗೆ ತೂತನ್ನು ವಾಪಸು ಹಾಕಿ, ಕಚೇರಿಯಿಂದ ಕಚೇರಿಗೆ ಅಲೆದು, ಅದೇ ವಡೆಗೆ ಮಂಜೂರಾತಿ ಮಾಡಿಸಿದೆ. ಸಮಾರಂಭಕ್ಕೆ ಶಾಮಿಯಾನ, ಶಾಲು, ಮೈಕು. ನೆಲ ವಾಪಸು ಪಡೆದವರು ನೆಲದ ಮೇಲೆ ಕೂತಿದ್ದರು, ಕೊಟ್ಟವರು ವೇದಿಕೆ ತುಂಬ ಕೂತಿದ್ದರು. ಎಲ್ಲರ ಭಾಷಣ ಮುಗಿಯುವ ಹೊತ್ತಿಗೆ ನೆಲ ಯಾರದಾಗಿತ್ತು ಎಂಬುದೇ ಮರೆತುಹೋಗುವಂತಿತ್ತು. ಅಜ್ಜಿ ಮಾತ್ರ ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಅತ್ತರು. ಆ ವಾರವೇ ಸೊಸೆ ಅದರ ಜೆರಾಕ್ಸ್ ತೋರಿಸಿ ನೆಲ್ಲಿಕಾಯಿ ಚೀಲದ ಜೊತೆ ಚೆಕ್‌ಪೋಸ್ಟು ದಾಟಿದಳಂತೆ. ಸುಳ್ಳು ಹೇಳುವುದಿಲ್ಲ, ಆ ಸುದ್ದಿ ಕೇಳಿ ನನಗೂ ಕಣ್ಣು ತುಂಬಿ ಬಂತು.

ಒಂದು ವರ್ಷವೂ ಕಳೆದಿರಲಿಲ್ಲ. ಜೌಗಿನ ಅಂಚಿನಲ್ಲಿ ಕಬ್ಬಿಣದ ಅಟ್ಟಣಿಗೆ ಎದ್ದಿತು. ಪ್ರವಾಸಿಗರು ಮೇಲೆ ಕೂತು, ಚಹಾ ಕುಡಿಯುತ್ತಾ, ಆನೆ ಮಣ್ಣು ತಿನ್ನುವುದನ್ನು ನೋಡಲಿ ಎಂದು ಯಾವುದೋ ರೆಸಾರ್ಟಿನವರು ಕಟ್ಟಿಸಿದ್ದು. ಅಲ್ಲಿಯವರೆಗೂ ಅರಣ್ಯ ಇಲಾಖೆಯ ಹಳೆಯ ಜೀಪು ದಾರಿ ಮೊದಲೇ ಇತ್ತು. ನಾನು ಕುಂತೂರಿನ ಸಕ್ಕರೆ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳನ್ನು ಹಿಂದಿಕ್ಕಿ ಸಾಹೇಬರ ಬಳಿಗೆ ಓಡಿದೆ. ಪೋಡಿನವರ ಒಪ್ಪಿಗೆ ಇಲ್ಲದೆ ಹೇಗೆ ಕಟ್ಟಿದರು ಎಂದು ಕೂಗಾಡಿದೆ. ಸಾಹೇಬರು ಸಮಾಧಾನವಾಗಿ ಕಡತ ತೆಗೆದು ನಕ್ಷೆಯನ್ನು ನನ್ನತ್ತ ತಿರುಗಿಸಿದರು.

‘ಜಾಗ ಅವರ ಗಡಿಯ ಹೊರಗಿದೆಯಲ್ರೀ. ಒಪ್ಪಿಗೆ ಯಾಕೆ ಬೇಕು? ನಕ್ಷೆ ನಿಮ್ಮದೇ. ಕೆಳಗೆ ಸಹಿ ಯಾರದು?’

ಸಹಿ ನನ್ನದೇ. ನೀಟಾಗಿತ್ತು, ಇಸವಿ ತಾರೀಖು ಸಮೇತ.

ಪೋಡಿಗೆ ಹೋಗಿ ಹೇಳಬೇಕಾಗಿ ಬಂದಾಗ ಅಜ್ಜಿಗೆ ಎಲ್ಲ ಗೊತ್ತಾಗಿತ್ತು. ಆನೆಗಳು ಜೌಗು ಬಿಟ್ಟು ಪೋಡಿನ ಹಲಸಿನ ಮರಗಳಿಗೆ ಬರತೊಡಗಿದ್ದವು. ಎರಡು ಮನೆಯ ಗೋಡೆ ಬಿದ್ದಿತ್ತು.

‘ನಾವ್ ಆನೆಗ್ ಬುಟ್ಟಿದ್ದು ಅಂತ ಬರೀನಿಲ್ವಾ ಮೊಗ ನೀನು?’

‘ಹಾಗೆ ಬರೆಯೋಕೆ ನಕ್ಷೆಯಲ್ಲಿ ಜಾಗ ಇಲ್ಲ ಅಜ್ಜಿ. ಸುಮ್ಮನೆ ಖಾಲಿ ಬಿಟ್ಟಿದ್ದೆ.’

ಅಜ್ಜಿ ಬೈದಿದ್ದರೆ ಚೆನ್ನಾಗಿತ್ತು. ಕಾಫಿ ಕೊಟ್ಟರು.

ಇಂಥದ್ದೆಲ್ಲ ನಡೆದರೂ ಯೋಜನೆ ನಿಲ್ಲುವುದಿಲ್ಲ. ಹಕ್ಕುಪತ್ರ ಸಿಕ್ಕ ಪೋಡಿನವರು ಬೇರೆ ಪೋಡಿನವರಿಗೆ ತರಬೇತಿ ಕೊಡಬೇಕೆಂದು ಬೆಂಗಳೂರಿನಿಂದ ಆದೇಶ ಬಂತು. ಅಜ್ಜಿ ‘ಸಂಪನ್ಮೂಲ ವ್ಯಕ್ತಿ’ಯಾದರು. ಕೊರಳಿಗೆ ಗುರುತಿನ ಚೀಟಿ ಹಾಕಿ, ಹನೂರಿನ ಮೇಲೆ ಪಾಲಾರ್ ಕಡೆಯ ಒಂದು ಪೋಡಿಗೆ ಜೀಪಿನಲ್ಲಿ ಕರೆದೊಯ್ದೆ. ಅಲ್ಲಿಯ ಯಜಮಾನರು ಗಡಿ ತೋರಿಸುತ್ತಾ ಮುಂದೆ ನಡೆದರು, ನಾನು ಯಂತ್ರ ಹಿಡಿದು ನಡುವೆ, ಅಜ್ಜಿ ನನ್ನ ಹಿಂದೆ. ಒಂದು ತಗ್ಗಿನ ಬಳಿ ಯಜಮಾನರು ಏನೂ ಹೇಳದೆ ಪಕ್ಕಕ್ಕೆ ತಿರುಗಿದರು. ಇಣುಕಿ ನೋಡಿದೆ. ಕೆದರಿದ ಕೆಂಪು ಮಣ್ಣು, ಆನೆ ಲದ್ದಿ.

ಅಜ್ಜಿ ನನ್ನನ್ನು ದಾಟಿ ಮುಂದೆ ಹೋಗಿ ಯಜಮಾನರ ಕೈ ಹಿಡಿದುಕೊಂಡರು.

‘ಇದ್ನೂ ಸೇರ್ಸ್ಕೊ ಕಣಣ್ಣ.’

‘ಅದು ಆನೇದು ಕಣವ್ವ,’ ಎಂದರು ಯಜಮಾನರು, ಇವರಿಗೆ ಗೊತ್ತಿಲ್ಲವೇನೋ ಎಂಬಂತೆ.

‘ಗೊತ್ತು. ನೀನ್ ಬುಟ್ರೆ ಆನೆಗ್ ಸಿಕ್ಕಾಕಿಲ್ಲ. ಇವ್ರಿಗ್ ಸಿಕ್ತದೆ.’

ಗದ್ದ ಎತ್ತಿ ತೋರಿಸಿದ್ದು ನನ್ನನ್ನು. ಆ ಮುಖದಲ್ಲಿ ಸಿಟ್ಟಿರಲಿಲ್ಲ. ಹಾವು ಇರುವ ಪೊದೆಯನ್ನು ತೋರಿಸುವಾಗಲೂ ಅವರು ಹೀಗೇ ಗದ್ದ ಎತ್ತುತ್ತಾರೆ.

ಯಜಮಾನರು ಚಪ್ಪಲಿ ಕಳಚಿ, ತಗ್ಗಿಗೆ ಕೈಮುಗಿದು ಏನೋ ಗೊಣಗಿದರು. ಅಜ್ಜಿಯೂ ಚಪ್ಪಲಿ ಬಿಟ್ಟರು. ನಾನೂ ಬೂಟು ಬಿಚ್ಚಲು ಬಗ್ಗಿದೆ. ಅವರ ಜೊತೆ ಕೈಮುಗಿಯಲು ನಾಚಿಕೆಯಾಗಿ ಲೇಸು ಬಿಚ್ಚಲಿಲ್ಲ, ಬೂಟಿನಲ್ಲೇ ಅವರ ಹಿಂದೆ ನಡೆದೆ. ಆ ತಿಂಗಳ ವರದಿಯಲ್ಲಿ ನಕ್ಷೆ ಪೂರ್ಣವಾಗಿದೆಯೆಂದೂ, ಸಮುದಾಯಕ್ಕೆ ತನ್ನ ಹಕ್ಕಿನ ಅರಿವು ಮೂಡಿದೆಯೆಂದೂ ಬರೆದೆ. ಬೆಂಗಳೂರಿನವರಿಗೆ ತುಂಬಾ ಸಂತೋಷವಾಯಿತು.